ಗರಿ ಕಟ್ಟಿದ ದಿಬ್ಬ

ಒಂದು ಕಡೆ ಸುಮ್ಮನೆ ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ. ನಮ್ಮೂರು ಬಾಯಾರಿನ ಮನೆಯಲ್ಲಿ ಅಮ್ಮ ಇದನ್ನು ಕಾಲಿನ ದೋಷ ಎನ್ನುತ್ತಿದ್ದಳು. ಮದರಾಸಿನ ಯೂನಿವರ್ಸಿಟಿಯಲ್ಲಿ ಪ್ರೊಫೆಸರ್ ಹರಿನಾಥರು ಅದನ್ನೇ ಉತ್ಸಾಹವೆಂದು ತಪ್ಪು ತಿಳಿದು ನನ್ನನ್ನು ಮಂಜೇಶ್ವರದ ಅಳಿವೆಗೆ ಕಳಿಸಿದರು. ಅದು ಐವತ್ತಮೂರನೇ ಇಸವಿಯ ಅಕ್ಟೋಬರ್. ಹೊಳೆ ಸಮುದ್ರಕ್ಕೆ ಸೇರುವಲ್ಲಿ, ನೀರು ಇಳಿದಾಗ ಒಂದು ಕೆಸರು ದಿಬ್ಬ ಮೇಲೆ ಕಾಣುತ್ತಿತ್ತು. ಅದರ ತುಂಬ ಮರುವಾಯಿ, ಎಂದರೆ ಎರಡು ಚಿಪ್ಪುಗಳ ನಡುವೆ ಬದುಕುವ, ಹೆಬ್ಬೆರಳ ತುದಿಯಷ್ಟು ದೊಡ್ಡ ಪ್ರಾಣಿ. ಅಲ್ಲಿ ಗಜ ಅಗಲದ ಆರು ಚೌಕ ಗುರುತು ಮಾಡಿ, ವಾರಕ್ಕೊಮ್ಮೆ ಅಗೆದು, ಜರಡಿ ಹಿಡಿದು, ಎಣಿಸಿ, ಅಳೆದು, ಮತ್ತೆ ಹೂತು ಬರಬೇಕು. ಆರು ತಿಂಗಳಲ್ಲಿ ಅವು ಎಷ್ಟು ಬೆಳೆದವು, ಎಷ್ಟು ಹೆಚ್ಚಿದವು ಎಂಬುದೇ ನನ್ನ ಪ್ರಬಂಧ. ಅದು ಸರಿಯಾದರೆ ಡಿಗ್ರಿ, ಇಲ್ಲವಾದರೆ ಬಾಯಾರಿಗೆ ವಾಪಸು. ಅಲ್ಲಿ ಅಪ್ಪ ಆಗಲೇ ಎರಡು ಜಾತಕ ತರಿಸಿಟ್ಟಿದ್ದರು.

ಆದರೆ ಆ ದಿಬ್ಬದ ಮರುವಾಯಿಗೆ ನನಗಿಂತ ಹಳೆಯ ಗಿರಾಕಿಗಳಿದ್ದರು. ನೀರು ಇಳಿದ ಕೂಡಲೇ ಹತ್ತು ಹನ್ನೆರಡು ಹೆಂಗಸರು ಬುಟ್ಟಿ ಹಿಡಿದು ಬಂದು, ಕಾಲಬೆರಳಲ್ಲೇ ಕೆಸರು ತಡವಿ ಮರುವಾಯಿ ಹೆಕ್ಕುತ್ತಿದ್ದರು. ನನ್ನ ಗೂಟ, ಹಗ್ಗ ಯಾವುದೂ ಅವರ ಲೆಕ್ಕಕ್ಕಿರಲಿಲ್ಲ. ಈ ವಾರ ಮುನ್ನೂರು ಎಣಿಸಿದ ಚೌಕದಲ್ಲಿ ಮುಂದಿನ ವಾರ ನಲವತ್ತು.

"ಇದರ ಒಳಗಿನದ್ದು ಮಾತ್ರ ಹೆಕ್ಕಬೇಡಿ ಮಾರಾಯ್ರೇ," ಎಂದು ಅಂಗಲಾಚಿದೆ.

"ನಮ್ಮ ಮರುವಾಯಿ ಎಣಿಸ್ಲಿಕ್ಕೆ ಮದರಾಸಿಂದ ಬರ್ಬೇಕಾ ಅಕ್ಕ?" ಎಂದಳು ಲೋಲಾಕ್ಷಿ. ಅವರಲ್ಲಿ ಬಾಯಿ ಜೋರಿನವಳು ಅವಳೇ. "ಎಣಿಸಿ ಆದ ಮೇಲೆ ಎಂತ ಮಾಡ್ತೀರಿ? ತಿನ್ಲಿಕ್ಕೂ ಇಲ್ಲ ನಿಮಗೆ!"

ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ನಾನು ಉಳಿದುಕೊಂಡಿದ್ದ ಸೋದರತ್ತೆಯ ಮನೆಗೆ ಬಂದು ಸಂಜೆಯವರೆಗೆ ಜಗಲಿಯ ಈ ತುದಿಯಿಂದ ಆ ತುದಿಗೆ ನಡೆದೆ. ವೆಂಕಟಲಕ್ಷ್ಮಿ ಅತ್ತೆ ಅಕ್ಕಿ ಆರಿಸುತ್ತಿದ್ದವರು ಸಾಕಾಗಿ, "ಒಂದು ಕಡೆ ಕೂತುಕೋ ಮಾರಾಯ್ತಿ, ನೋಡಿ ನೋಡಿ ನನಗೇ ತಲೆ ತಿರುಗುತ್ತದೆ," ಎಂದರು. ಹಾಗೆ ನಡೆಯುತ್ತಿರುವಾಗಲೇ ಉಪಾಯ ಹೊಳೆದದ್ದು.

ನಮ್ಮ ಕಡೆ ಹಲಸಿನ ಮರಕ್ಕೆ ತೆಂಗಿನ ಎಳೆಗರಿ ಸುತ್ತಿದರೆ, ಆ ಮರದ ಹಣ್ಣು ಊರು ಕಾಯುವ ಯಾವುದೋ ದೈವಕ್ಕೆ ಹರಕೆ ಹೇಳಿದ್ದು ಎಂದು ಅರ್ಥ. ಮತ್ತೆ ಎಂಥ ಕಳ್ಳನೂ ಅದನ್ನು ಮುಟ್ಟುವುದಿಲ್ಲ. ನವೆಂಬರಿನ ಒಂದು ಬೆಳಿಗ್ಗೆ, ದಿಬ್ಬದಲ್ಲಿ ಯಾರೂ ಇಲ್ಲದಾಗ, ಆರು ಚೌಕಗಳ ಇಪ್ಪತ್ತನಾಲ್ಕು ಗೂಟಕ್ಕೂ ಎಳೆಗರಿ ಕಟ್ಟಿ ಬಂದೆ. ನಾನು ದೇವರು ದೈವ ಎಂದೆಲ್ಲ ತಲೆ ಕೆಡಿಸಿಕೊಂಡವಳಲ್ಲ. ವಿಜ್ಞಾನಕ್ಕೆ ಒಂದು ಬೇಲಿ ಬೇಕಿತ್ತು, ಹಾಕಿದೆ ಅಷ್ಟೆ.

ಬೇಲಿ ನಾನು ಎಣಿಸಿದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಯಾವ ದೈವದ್ದು, ಅದರ ಗಡಿ ಎಲ್ಲಿಯವರೆಗೆ ಎಂದು ತಿಳಿಯದೆ ಹೆಂಗಸರು ಇಡೀ ದಿಬ್ಬವನ್ನೇ ಬಿಟ್ಟುಬಿಟ್ಟರು. ನನಗೆ ಹಬ್ಬ. ನಲವತ್ತಕ್ಕಿಳಿದಿದ್ದ ಚೌಕ ಮತ್ತೆ ಮುನ್ನೂರಾಯಿತು, ನಾನೂರಾಯಿತು, ಐನೂರಾಯಿತು. ಅವರು ಎಲ್ಲಿಗೆ ಹೋದರು, ಎಂತ ಉಣ್ಣುತ್ತಾರೆ ಎಂದು ಒಮ್ಮೆಯೂ ಕೇಳಲಿಲ್ಲ. ಕೇಳುವ ಯೋಚನೆಯೇ ಬರಲಿಲ್ಲ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಪ್ರೊಫೆಸರರು ಮದರಾಸಿನಿಂದ ಬರೆದರು: 'ಅಂಕಿಗಳು ಅದ್ಭುತ. ಜನವರಿ ಇಪ್ಪತ್ತಕ್ಕೆ ಚೌಕಗಳನ್ನು ನೋಡಲು ನಾನೇ ಬರುತ್ತೇನೆ.'

ಜನವರಿ ಹನ್ನೆರಡಕ್ಕೆ ಅತ್ತೆಯ ಮನೆಯಂಗಳಕ್ಕೆ ಲೋಲಾಕ್ಷಿ ಬಂದು ನಿಂತಳು. ಹಿಂದಿನ ಬಾಯಿಜೋರು ಎಲ್ಲಿ ಹೋಯಿತೋ.

"ಅಕ್ಕ, ನೀವು ದಿಬ್ಬಕ್ಕೆ ಹೋಗಿ ಬರ್ತೀರಲ್ಲ. ಅದು ಯಾವ ದೈವದ್ದು ಅಂತ ನಿಮಗೆ ಗೊತ್ತುಂಟಾ?"

"ಯಾಕೆ?"

"ಮನೆಯಲ್ಲಿ ಎಂತದೂ ಇರ್ಲಿಲ್ಲ. ಹೋದ ವಾರ ದಿಬ್ಬದ ಕರೆಯಿಂದ ಒಂದು ಹಿಡಿ ಹೆಕ್ಕಿದೆ, ಗರಿಯ ಹತ್ತಿರ ಅಲ್ಲ, ಬದಿಯಿಂದ. ಕಿನ್ನಿಗೆ ಬೇಯಿಸಿ ಹಾಕಿದೆ. ಮಾರನೇ ದಿನದಿಂದ ಅವಳಿಗೆ ಜ್ವರ. ತಪ್ಪುಕಾಣಿಕೆ ಹಾಕುವ ಅಂದ್ರೆ ಯಾರಿಗೆ ಹಾಕುವುದು? ಹೆಸರೇ ಗೊತ್ತಿಲ್ಲ."

ಕಿನ್ನಿ ಅವಳ ಆರು ವರ್ಷದ ಮಗಳು. ನಾನು ನಿಜ ಹೇಳಬೇಕಿತ್ತು. ಆದರೆ ತಲೆಯಲ್ಲಿ ಇಪ್ಪತ್ತನೇ ತಾರೀಕು ಕುಣಿಯುತ್ತಿತ್ತು. ಇನ್ನು ಎಂಟೇ ದಿನ. ಗರಿ ಬಿಚ್ಚಿದರೆ ಒಂದೇ ಇಳಿತಕ್ಕೆ ಚೌಕ ಖಾಲಿ. "ಗೊತ್ತಿಲ್ಲ," ಎಂದೆ. ಒಳಗಿನಿಂದ ಕ್ವಿನೈನ್ ಮಾತ್ರೆ ತಂದು, ದಿನಕ್ಕೆಷ್ಟು ಕೊಡಬೇಕೆಂದು ಹೇಳಿ, ದೊಡ್ಡ ಉಪಕಾರ ಮಾಡಿದವಳ ಹಾಗೆ ಅವಳ ಕೈಯಲ್ಲಿಟ್ಟೆ.

ಆಮೇಲೆ ನನಗೆ ಊಟ ಸೇರಲಿಲ್ಲ, ಪುಸ್ತಕ ಹಿಡಿಯಲಾಗಲಿಲ್ಲ. ಸ್ಟೇಷನ್ನಿನವರೆಗೆ ನಡೆದೆ, ವಾಪಸು ಬಂದೆ, ಹೊಳೆಯ ಬದಿಗೆ ಹೋದೆ, ಅಲ್ಲಿಯೂ ನಿಲ್ಲಲಾಗಲಿಲ್ಲ. ಎಣಿಕೆಯ ಏರಿಳಿತ ತೋರಿಸುವ ನಕ್ಷೆಯಲ್ಲಿ ಹಾಕಿದ ಗೆರೆಯನ್ನೇ ಮತ್ತೆ ಹಾಕಿ ಕಾಗದ ತೂತು ಮಾಡಿದೆ. ಮೂರನೇ ದಿನ ಬೆಳಗಾಗುತ್ತಲೇ ತಡೆಯಲಾರದೆ ಲೋಲಾಕ್ಷಿಯ ಗುಡಿಸಲಿಗೆ ಹೋದೆ. ಮಗು ಚಾಪೆಯಲ್ಲಿ ನಡುಗುತ್ತಿತ್ತು. ಮಾತ್ರೆಗಳು ಕಾಗದದ ಪೊಟ್ಟಣದಲ್ಲಿ ಹಾಗೇ ಇದ್ದವು.

"ಯಾಕೆ ಕೊಡಲಿಲ್ಲ?"

"ಮೊದಲು ದೈವದ್ದು ತೀರ್ಬೇಕಲ್ಲ ಅಕ್ಕ. ಅದು ತೀರದೆ ಮದ್ದು ಕೊಟ್ರೆ ಕೋಪ ಇನ್ನೂ ಜಾಸ್ತಿ ಆಗ್ತದೆ."

"ದೈವ ಇಲ್ಲ ಲೋಲಾಕ್ಷಿ. ಗರಿ ಕಟ್ಟಿದ್ದು ನಾನು. ನೀವು ಯಾರೂ ನನ್ನ ಚೌಕಕ್ಕೆ ಕೈ ಹಾಕಬಾರದೆಂದು ಕಟ್ಟಿದ್ದು."

ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಮಗುವಿನ ಹೊದಿಕೆ ಸರಿಮಾಡಿದಳು. "ನೀವೇ ಕಟ್ಟಿರ್ಬಹುದು. ಕಟ್ಟಿದ ಮೇಲೆ ದೈವ ಬಂದು ನಿಲ್ಲಲಿಲ್ಲ ಅಂತ ನಿಮಗೆ ಹೇಗೆ ಗೊತ್ತು?"

ಮಗು ಮುಲುಗಿತು.

"ಗರಿ ಕಟ್ಟಿದ ಚೌಕದ ಒಳಗಿನದ್ದನ್ನೇ ನಾನು ತಿನ್ನುತ್ತೇನೆ," ಎಂದೆ. "ನನಗೆ ಏನೂ ಆಗದಿದ್ದರೆ ಮಗುವಿಗೆ ಮಾತ್ರೆ ಕೊಡ್ತೀಯಾ?"

ಅವಳಿಗೆ ನಂಬಿಕೆ ಬರಲಿಲ್ಲ. ನನಗೂ ಬಂದಿರಲಿಲ್ಲ. ಹುಟ್ಟಿದ ಲಾಗಾಯ್ತು ಮೀನು ಬೇಯಿಸಿದ ಪಾತ್ರೆಯನ್ನೂ ಮುಟ್ಟದ ಮನೆಯವಳು ನಾನು. ಮರುವಾಯಿಯನ್ನು ಅಳೆದಿದ್ದೆ, ಕೊಯ್ದಿದ್ದೆ, ಫಾರ್ಮಲಿನ್ನಿನಲ್ಲಿ ಮುಳುಗಿಸಿದ್ದೆ. ಬಾಯಿಗೆ ಇಟ್ಟವಳಲ್ಲ.

ಆ ದಿನವೇ ಬೆಳಿಗ್ಗೆ ಹತ್ತರ ಇಳಿತಕ್ಕೆ ದಿಬ್ಬಕ್ಕೆ ಹೋದೆವು. ಸುದ್ದಿ ಹೇಗೋ ಹಬ್ಬಿ ಉಳಿದ ಹೆಂಗಸರೂ ದಡದಲ್ಲಿ ಸೇರಿದ್ದರು. ಇಪ್ಪತ್ತನಾಲ್ಕು ಗರಿಯನ್ನೂ ಬಿಚ್ಚಿ ಹೊಳೆಗೆ ಬಿಟ್ಟೆ. ಅತ್ಯಂತ ದಟ್ಟವಾಗಿದ್ದ ಮೂರನೇ ಚೌಕಕ್ಕೆ ಕೈ ಹಾಕಿ ಎರಡು ಹಿಡಿ ತೆಗೆದೆ. ಗುಡಿಸಲಿಗೆ ವಾಪಸು ಬಂದು ಲೋಲಾಕ್ಷಿ ತನ್ನ ಒಲೆಯಲ್ಲಿ ಉಪ್ಪುನೀರು ಕುದಿಸಿದಳು. ಚಿಪ್ಪುಗಳು ಒಂದೊಂದಾಗಿ ಬಾಯಿ ಬಿಟ್ಟವು.

ಮೊದಲನೆಯದು ನಾಲಗೆಗೆ ತಾಗುತ್ತಲೇ ಹೊಟ್ಟೆ ತೊಳಸಿ ಬಂತು. ಆಗ ನನಗೆ ನಿಜವಾದ ಭಯ ಹುಟ್ಟಿತು. ಈಗ ವಾಂತಿಯಾದರೆ ಅದು ದೈವದ ಕೋಪವೆಂದೇ ಆಗಿಹೋಗುತ್ತದೆ. ಮಾತ್ರೆ ಪೊಟ್ಟಣದಲ್ಲೇ ಉಳಿಯುತ್ತದೆ. ಹಲ್ಲು ಕಚ್ಚಿ ನುಂಗಿದೆ. ಎರಡು, ಮೂರು, ಹನ್ನೊಂದು ತಿಂದೆ. ಆಮೇಲೆ ಹೆಂಗಸರೆಲ್ಲ ಸುತ್ತ ಕೂತು ನನ್ನ ಮುಖವನ್ನೇ ನೋಡತೊಡಗಿದರು. ಎದ್ದರೆ ಸಂಕಟವೆಂದು ತಿಳಿದಾರು, ನಡೆದರೆ ತಲೆ ಕೆಟ್ಟಿತೆಂದಾರು. ಜೀವಮಾನದಲ್ಲಿ ಮೊದಲ ಸಲ, ನೀರು ಮತ್ತೆ ಏರಿ ದಿಬ್ಬ ಮುಳುಗುವವರೆಗೆ, ನಾನು ಒಂದು ಕಡೆ ಅಲುಗದೆ ಕೂತೆ. ಎರಡು ಕೈಯಲ್ಲೂ ಮೊಣಕಾಲು ಒತ್ತಿ ಹಿಡಿದೆ. ಬಾಯಿಗೆ ಬಂದದ್ದನ್ನು ಮತ್ತೆ ಮತ್ತೆ ನುಂಗಿದೆ.

ಮಧ್ಯಾಹ್ನ ದಾಟಿದ ಮೇಲೆ ಲೋಲಾಕ್ಷಿ ಎದ್ದು, ಪೊಟ್ಟಣ ಬಿಚ್ಚಿ, ಒಂದು ಮಾತ್ರೆಯನ್ನು ಬೆಲ್ಲದಲ್ಲಿ ಅದುಮಿ ಮಗಳ ಬಾಯಿಗೆ ಹಾಕಿದಳು. ನನಗೆ ಅಳು ಬಂತು.

ನಾಲ್ಕನೇ ದಿನಕ್ಕೆ ಕಿನ್ನಿಯ ಜ್ವರ ಬಿಟ್ಟಿತು. ಅಷ್ಟರಲ್ಲಿ ದಿಬ್ಬವೂ ಬರಿದಾಗಿತ್ತು. ಎರಡು ತಿಂಗಳ ಹಸಿವು ಒಟ್ಟಿಗೆ ಬಂದು ಬಿದ್ದ ಹಾಗೆ ಹೆಂಗಸರು ಹೆಕ್ಕಿದರು. ನಾನು ತಡೆಯಲಿಲ್ಲ. ನಾನು ಮರುವಾಯಿ ತಿಂದ ಸುದ್ದಿ ಅತ್ತೆಗೂ ಮುಟ್ಟಿ, ನನ್ನ ಊಟದ ಎಲೆ ಒಳಗಿನಿಂದ ಜಗಲಿಗೆ ಬಂದಿತ್ತು. "ಬಾಯಾರಿಗೆ ಎಂತ ಹೇಳಲಿ ನಾನು?" ಎಂದು ಅವರು ಬಡಿಸುವಾಗಲೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರು.

ಇಪ್ಪತ್ತಕ್ಕೆ ಪ್ರೊಫೆಸರ್ ಹರಿನಾಥರು ರೈಲಿಳಿದು ಬಂದರು. ಇಳಿತದ ಹೊತ್ತಿಗೆ ಪ್ಯಾಂಟು ಮಡಚಿ ದಿಬ್ಬ ಹತ್ತಿದವರು, ಕೈಯಲ್ಲಿ ನನ್ನ ನಕ್ಷೆ ಹಿಡಿದು ಆರು ಚೌಕಗಳನ್ನೂ ಸುತ್ತಿ ನೋಡಿದರು. ಬರೇ ಗೂಟ, ಬರೇ ಕೆಸರು. ಆಂಧ್ರದವರಾದ ಅವರಿಗೆ ಕನ್ನಡ, ತುಳು ಎರಡೂ ಬರುತ್ತಿರಲಿಲ್ಲ.

"ಈ ಗೆರೆ ನವೆಂಬರಿನಿಂದ ಹೀಗೆ ಮೇಲೇರಿದ್ದು ಯಾಕೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. "ಇಲ್ಲಿದ್ದದ್ದೆಲ್ಲ ಈಗ ಎಲ್ಲಿ ಹೋಯಿತು?"

ರೋಗ ಬಂತು ಎನ್ನಬಹುದಿತ್ತು. ಹೊಳೆಯಲ್ಲಿ ಸಿಹಿನೀರು ಹೆಚ್ಚಾಯಿತು ಎನ್ನಬಹುದಿತ್ತು. ಎರಡೂ ನಾಲಗೆಯ ತುದಿಯಲ್ಲೇ ಇದ್ದವು. ಅಲ್ಲೇ ಹತ್ತು ಮಾರು ಆಚೆ ಲೋಲಾಕ್ಷಿ ಅಳಿದುಳಿದದ್ದನ್ನು ಹೆಕ್ಕುತ್ತಿದ್ದಳು. ಪ್ರೊಫೆಸರರು ಬೆರಳಲ್ಲಿ ತೋರಿಸುತ್ತಿದ್ದ ಕಾಗದದ ಗೆರೆಯನ್ನು ನೋಡಿ ಅವಳು ಹತ್ತಿರ ಬಂದಳು.

"ಅಕ್ಕ, ಅದೆಂತ, ಏರಿ ಏರಿ ಹೋದದ್ದು?"

"ಇಲ್ಲಿ ಮರುವಾಯಿ ಹೆಚ್ಚಿದ ಲೆಕ್ಕ."

"ಯಾವಾಗಿನದ್ದು?"

"ನಾನು ಗರಿ ಕಟ್ಟಿದ ಮೇಲಿನದ್ದು."

ಅವಳು ಬುಟ್ಟಿಯನ್ನು ಸೊಂಟದಿಂದ ಇಳಿಸಿದಳು. ಮಗಳು ಹಾಸಿಗೆ ಹಿಡಿದಾಗಲೂ ಬಾರದ ಸಿಟ್ಟು ಈಗ ಅವಳ ಮುಖಕ್ಕೆ ಬಂತು.

"ಆ ಎರಡು ತಿಂಗಳು ನಾವು ಗಂಜಿಗೆ ಬರೇ ಉಪ್ಪು ಹಾಕಿ ಉಂಡದ್ದು. ಹಾಗಾದ್ರೆ ಈ ಗೆರೆ ಏರಿದ್ದು ನಮ್ಮ ಮಕ್ಕಳ ಹೊಟ್ಟೆಯಿಂದ. ಅದನ್ನು ಬರೆದಿದ್ದೀರಾ?"

"ಆಕೆ ಏನು ಹೇಳುತ್ತಿದ್ದಾಳೆ?" ಎಂದು ಪ್ರೊಫೆಸರರು ನನ್ನ ಕಡೆ ತಿರುಗಿದರು.

ಒಂದು ಶಬ್ದವೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ.