ಗೋಡೆಗೆ ತಾಗಿದ ನೀರು

ನನ್ನ ಗಂಡ ಷಡಕ್ಷರಿ ಕುದುರೆಮುಖದ ಪಂಪ್‌ಹೌಸಿನಲ್ಲಿ ಆಪರೇಟರ್ ಆಗಿದ್ದರು. ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ ಘಟ್ಟದ ಕೆಳಗೆ ಕಳಿಸುವ ಆ ಪೈಪೇ ಅವರಿಗೆ ಹೆಂಡತಿ, ನಾನು ಅಡುಗೆಯವಳು. ಊಟಕ್ಕೆ ಕೂತರೂ ಅದರದೇ ಮಾತು. ಪೈಪಿನ ನಡುವೆ ನೀರು ಸುಳಿಸುಳಿಯಾಗಿ ನುಗ್ಗುತ್ತದಂತೆ, ಗೋಡೆಗೆ ತಾಗಿದ ತೆಳುಪದರ ಮಾತ್ರ ಅಲುಗುವುದೇ ಇಲ್ಲವಂತೆ. ಹರಿವು ನಿಧಾನವಾದರೆ ಅದಿರು ತಳ ಹಿಡಿದು ಕಲ್ಲಾಗುತ್ತದಂತೆ.

"ಗೋಡೆಗೆ ಅಂಟ್ಕೊಂಡಿರೋದು ನಾನೇ ಬಿಡಿ. ಅನ್ನ ಬಡಿಸ್ಲಾ?" ಎನ್ನುತ್ತಿದ್ದೆ. ಅವರು ನಗುತ್ತಿರಲಿಲ್ಲ.

ಗಣಿ ನಿಂತಾಗ ಅವರು ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿದ್ದರು. ಸಕ್ಕರೆ ಕಾಯಿಲೆಯಿಂದ ಎರಡೂ ಅಂಗೈಗೆ ಸ್ಪರ್ಶವೇ ತಿಳಿಯದಾಗಿತ್ತು. ವಾಪಸು ಬಂದರೆ ಅಕ್ಕಪಕ್ಕದ ಕ್ವಾರ್ಟರ್ಸೆಲ್ಲ ಖಾಲಿ, ಪೈಪು ತೊಳೆದು ನಿಲ್ಲಿಸಿದರೋ ಇಲ್ಲವೋ ಎಂದು ಕೇಳೋಣವೆಂದರೆ ಒಬ್ಬರೂ ಇಲ್ಲ. ನಾವೂ ಮನೆ ಬಿಡಬೇಕಿತ್ತು.

"ಒಳಗೆ ಅದಿರು ಬಿಟ್ಟು ನಿಲ್ಸಿದ್ರೆ ಪೈಪು ಸತ್ತ ಹಾಗೆ. ತೊಳೆಯೋ ನೀರು ಓಡ್ತಿರೋದು ಗೊತ್ತಾಗೋ ತನಕ ನಾನು ಹೊರಡಲ್ಲ" ಎಂದು ಕೂತುಬಿಟ್ಟರು. ಸರಿಯಾಗಿ ಊಟವಿಲ್ಲ, ಮಾತ್ರೆಯಿಲ್ಲ. ನನಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಅವರ ಕೈಗೆ ಹಿಡಿದ ಜೋಮು ನನ್ನ ಎದೆಗೂ ಹಿಡಿದಿತ್ತು.

ಕೊನೆಗೆ ಸಾಮಾನು ತುಂಬಿದ ಜೀಪನ್ನು ಪಂಪ್‌ಹೌಸಿನ ಹಿಂದಕ್ಕೆ ಹೊಡೆಸಿದೆ. ಅವರು ಪೈಪಿನ ಮೇಲೆ ಎರಡೂ ಕೈ ಇಟ್ಟು ಬಹಳ ಹೊತ್ತು ಬಾಗಿ ನಿಂತರು.

"ನಂಗೆ ತಿಳೀತಿಲ್ಲ. ಗಂಗಾ, ನೀನು ಮುಟ್ಟಿ ನೋಡೆ."

ಅಷ್ಟು ವರ್ಷದಲ್ಲಿ ನಾನು ಆ ಸವತಿಯನ್ನು ಮುಟ್ಟಿದವಳೇ ಅಲ್ಲ. ಮುಟ್ಟಿದೆ. ತಣ್ಣಗಿತ್ತು. ಒಂದಿಷ್ಟೂ ನಡುಕವಿರಲಿಲ್ಲ.

"ಓಡ್ತಾ ಇದೆ ರೀ."

"ಅದಿರಾ, ನೀರಾ?"

"ನೀರು. ಬರೀ ನೀರು."

"ಹಂಗಾದ್ರೆ ನಡಿ" ಎಂದು ಅವರೇ ಮೊದಲು ಹೋಗಿ ಜೀಪು ಹತ್ತಿದರು.

ಕಳಸ ಹತ್ತಿರವಾದಾಗ ಬಾಯಿಬಿಟ್ಟರು. "ಕೈ ಹೋಗಿದೆ, ಕಿವಿ ಹೋಗಿಲ್ಲ ಮಾರಾಯ್ತಿ. ನೀರು ಓಡಿದ್ರೆ ಸದ್ದಿರ್ತದೆ."

"ಮತ್ತೆ ಯಾಕೆ ಹೊರಟ್ರಿ?"

"ನೀನು ನಂಗೆ ಸುಳ್ಳು ಹೇಳಿದ್ದು ಇದೇ ಮೊದ್ಲು."

ಅವರ ಕೈಯನ್ನು ನನ್ನ ಮಡಿಲಿಗೆ ಎಳೆದುಕೊಂಡು ಬಿಗಿಯಾಗಿ ಹಿಡಿದೆ. ಅವರಿಗೆ ತಿಳಿಯಲಿಲ್ಲ, ಹೊರಗೆ ನೋಡುತ್ತಲೇ ಇದ್ದರು.