ಬಿಳಿ ಅಂಗಿಯ ಮೈ

"ನಮ್ಮಪ್ಪಗ ಒಂದು ಬಿಳಿ ಅಂಗಿ ತೊಡಸ್ರಿ," ಎಂದು ವೆಂಕೋಬ ಮೊಬೈಲನ್ನು ಮೇಜಿನ ಮೇಲಿಟ್ಟ.

ಫೋಟೊದಲ್ಲಿ ಮುದುಕ ಬರೀ ಬನಿಯನ್ನಿನಲ್ಲಿ ಗದ್ದೆಯ ಬದುವಿನ ಮೇಲೆ ನಿಂತು ನಗುತ್ತಿದ್ದ. ತೀರಿಕೊಂಡು ಎರಡು ದಿನವಾಗಿತ್ತು. ಸಂಜೆಯೊಳಗೆ ಜವಳಗೇರಾದ ಬಸ್‌ಸ್ಟ್ಯಾಂಡಿನಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸು ನಿಲ್ಲಬೇಕು.

ಕಂಪ್ಯೂಟರಿನ ಮುಂದಿದ್ದ ಸಿದ್ದಲಿಂಗೇಶ ಗಡಿಯಾರ ನೋಡಿದ. ಮೂರೂವರೆ. ಐದರೊಳಗೆ ಅವನು ಹೈದರಾಬಾದಿನ ಪ್ರಕಾಶನವೊಂದಕ್ಕೆ ಕೆಲಸದ ಅರ್ಜಿಯ ಜೊತೆ ತನ್ನ ಹತ್ತು ಡಿಸೈನುಗಳನ್ನೂ ತನ್ನದೊಂದು ಫೋಟೊವನ್ನೂ ಕಳಿಸಬೇಕಿತ್ತು. ಪುಸ್ತಕಗಳಿಗೆ ಮುಖಪುಟ ಮಾಡುವ ಕೆಲಸ. ಕಲಬುರಗಿಯಲ್ಲಿ ನಾಲ್ಕು ವರ್ಷ ಗ್ರಾಫಿಕ್ ಡಿಸೈನ್ ಓದಿದ್ದು ಇದಕ್ಕೇ ಎಂದು ಅವನು ಇನ್ನೂ ನಂಬಿದ್ದ. ಸಿಂಧನೂರಿನ ಈ ಫ್ಲೆಕ್ಸ್ ಅಂಗಡಿ ಸೇರಿದಾಗ ಆರೇ ತಿಂಗಳು ಎಂದಿದ್ದ. ಮೂರು ವರ್ಷ ಕಳೆದಿತ್ತು.

"ಹಿಂದ ಆಕಾಶ ಖಾಲಿ ಬಿಡ್ಲೇನ್ರಿ? ಚೊಲೊ ಕಾಣ್ತದ."

"ಖಾಲಿನಾ?" ವೆಂಕೋಬ ಗಾಬರಿಯಾದ. "ಖಾಲಿ ಬಿಟ್ರ ಇವರಿಗೆ ಬಂಧು ಬಳಗ ಇಲ್ಲೇನು ಅಂತಾರ ಮಂದಿ. ನಮ್ಮವು ಇಪ್ಪತ್ತೆರಡು ಫೋಟೊ ಬರ್ಬೇಕ್ರಿ."

ಖಾಲಿ ಜಾಗವೂ ಮಾತಾಡಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು. ಜವಳಗೇರಾದಲ್ಲಿ ಅದು ಚಾಡಿ ಹೇಳುತ್ತಿತ್ತು.

ಮಾಲೀಕ ಚನ್ನವೀರ ಪ್ರಿಂಟಿಂಗ್ ಮಷೀನಿನ ಹತ್ತಿರದಿಂದಲೇ ಕೂಗಿದ: "ಲೇ ಸಿದ್ದು, ನಿನ್ನ ಮೈ ಹಾಕಿ ಕೊಡಲೇ. ಜಲ್ದಿ ಆಗ್ತದ."

ಹೌದು, ಸಿದ್ದಲಿಂಗೇಶನದೇ ಮೈ. ಸೇರಿದ ಹೊಸದರಲ್ಲಿ, ಸತ್ತವರಿಗೆ ತೊಡಿಸಲು ಒಳ್ಳೆಯ ಅಂಗಿಯ ಚಿತ್ರ ಸಿಗದೆ, ತಾನೇ ಬಿಳಿ ಅಂಗಿ ತೊಟ್ಟು, ಹಾರ ಹಾಕಿಕೊಂಡು ನಿಂತಿದ್ದ. ಚನ್ನವೀರ ಫೋಟೊ ತೆಗೆದ. ತಲೆಯನ್ನು ಸಿದ್ದಲಿಂಗೇಶನೇ ಕತ್ತರಿಸಿದ್ದ, ನಗುತ್ತ. ಅಂದಿನಿಂದ ಮಸ್ಕಿಯ ವ್ಯಾಪಾರಿಗಳು, ಲಿಂಗಸುಗೂರಿನ ಮೇಷ್ಟ್ರುಗಳು, ಸಾಲಗುಂದದ ರೈತರು ಎಲ್ಲರೂ ಅವನ ಹೆಗಲ ಮೇಲೆ ತಲೆಯಿಟ್ಟೇ ಹೋಗಿದ್ದರು. ಊರೂರಿನ ಫ್ಲೆಕ್ಸುಗಳಲ್ಲಿ ತನ್ನದೇ ಮೈ ಎದುರಾಗುತ್ತದೆಂದು, ಬಸ್ಸಿನಲ್ಲಿ ಹೋಗುವಾಗ ಅವನು ಈಗ ಕಿಟಕಿಯ ಪಕ್ಕ ಕೂರುತ್ತಿರಲಿಲ್ಲ.

ಮುದುಕನ ತಲೆ ಕೂತಿತು. ವೆಂಕೋಬನ ಕಣ್ಣು ತುಂಬಿದವು.

"ಅಪ್ಪ ಹಿಂಗ ಇದ್ದ ನೋಡ್ರಿ. ಹೆಗಲು ಥೇಟ್ ಅವನ್ದ."

ಸಿದ್ದಲಿಂಗೇಶನಿಗೆ ನಾಚಿಕೆಯಾಯಿತು. ಯಾಕೋ ಹೆದರಿಕೆಯೂ ಆಯಿತು.

ಬಂಧು ಬಳಗವನ್ನೆಲ್ಲ ಜೋಡಿಸಿ ವೆಂಕೋಬನನ್ನು ಕಳಿಸಿದಾಗ ಐದಕ್ಕೆ ಹತ್ತು ನಿಮಿಷವಿತ್ತು. ಕಾಲೇಜಿನ ಹತ್ತು ಡಿಸೈನುಗಳನ್ನು ಅವಸರದಲ್ಲಿ ಸೇರಿಸಿದ. ಫೋಟೊ ಒಂದು ಉಳಿಯಿತು. ಮೊಬೈಲಿನಲ್ಲಿ ತನ್ನ ಫೋಟೊ ತೆಗೆದುಕೊಂಡ. ತೊಟ್ಟಿದ್ದ ಅಂಗಿಯ ತುಂಬ ಇಂಕಿನ ಕಲೆ. ಇರಲಿ, ಕಂಪ್ಯೂಟರಿನಲ್ಲಿ ಆ ಬಿಳಿ ಅಂಗಿ ಇದೆಯಲ್ಲ. ತನ್ನ ತಲೆ, ತನ್ನದೇ ಮೈ, ಕಷ್ಟವೇನು?

ತಲೆ ಕೂರಲಿಲ್ಲ. ಮೂರು ವರ್ಷ ಮುದುಕರ ಕುತ್ತಿಗೆಗೆ ಹೊಂದಿಸಿ ಹೊಂದಿಸಿ ಚಿತ್ರದ ಕೊರಳು ಅಗಲವಾಗಿತ್ತು, ಹೆಗಲು ಜೋತಿತ್ತು. ಮುಖವನ್ನು ಹಿಗ್ಗಿಸಿದ, ತುಸು ಬಾಗಿಸಿದ. ಆಗ ಕೂತಿತು.

"ಆತೇನ್ಲೇ?" ಚನ್ನವೀರ ಕೇಳಿದ. "ಇನ್ನೊಬ್ಬರು ಬಂದಾರ, ವಳಕಮದಿನ್ನಿಯವರು."

"ಆತ್ರಿ, ಬಂದೆ."

ಹಾರವೊಂದನ್ನು ಅಳಿಸಿದರೆ ಮುಗಿಯಿತು. ಅವನು ಹೂವಿನ ಮೇಲೆ ಮೌಸ್ ಎಳೆದ. ಹಾರ, ಅಂಗಿ ಎಲ್ಲ ಒಂದೇ ಫೋಟೊ; ಹೂವಿನ ಜೊತೆಗೆ ಅಂಗಿ ಹೋಯಿತು, ಎದೆ ಹೋಯಿತು. ಐದು ಹೊಡೆಯಿತು. ಪರದೆಯ ಮೇಲೆ ಅವನ ಮುಖ ನಗುತ್ತಲೇ ಇತ್ತು; ಎದೆಯಿದ್ದಲ್ಲಿ ಅವನು ಇಷ್ಟು ದಿನ ಬಿಡಬೇಕೆಂದಿದ್ದ ಖಾಲಿ ಜಾಗ ಬಿದ್ದಿತ್ತು.