ಶನಿವಾರದ ತಲೆನೋವು

೧೯೯೭ರಲ್ಲಿ ಮದುವೆಯಾಗಿ ಪುಣೆಗೆ ಬಂದ ಶೈಲಶ್ರೀಗೆ ಗಂಡ ಸಿಗುತ್ತಿದ್ದುದು ವಾರಕ್ಕೊಮ್ಮೆ. ಮಾಂತು ಪುಣೆಯಿಂದ ಎರಡು ತಾಸು ದೂರದ ದೌಂಡ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಕ್ಲರ್ಕು. ಕ್ವಾರ್ಟರ್ಸ್ ಇನ್ನೂ ಸಿಕ್ಕಿರಲಿಲ್ಲ. ಶನಿವಾರ ಸಂಜೆ ಬಂದರೆ ಭಾನುವಾರ ಸಂಜೆ ಹೊರಡುತ್ತಿದ್ದ. ಭವಾನಿ ಪೇಠೆಯ ಎರಡು ಕೋಣೆಯ ಮನೆಯಲ್ಲಿ ಅತ್ತೆ, ಮಾವ, ಮೈದುನರ ನಡುವೆ ಇಬ್ಬರೇ ಕೂತು ಮಾತಾಡಲು ಜಾಗವೆಲ್ಲಿ? ಹಾಗಾಗಿ ಬಂದ ಕೂಡಲೇ ಅವಳನ್ನು ಪುಣೆಯ ಕ್ಯಾಂಪ್ ಪ್ರದೇಶದ ಒಂದು ಚೈನೀಸ್ ಹೋಟೆಲ್ಲಿಗೆ ಕರೆದೊಯ್ಯುತ್ತಿದ್ದ. ಅಲ್ಲಿನ ಫ್ಯಾಮಿಲಿ ರೂಮಿಗೆ ಪರದೆ ಇತ್ತು.

ನೂಡಲ್ಸು, ಮಂಚೂರಿಯನ್ನು, ಬಟ್ಟಲು ತುಂಬ ಸೂಪು. ವಾರವಿಡೀ ಕೂಡಿಟ್ಟ ಮಾತನ್ನು ಅವಳು ಅಲ್ಲಿ ಬಿಚ್ಚುತ್ತಿದ್ದಳು. ಆದರೆ ಮನೆ ಸೇರುವಷ್ಟರಲ್ಲಿ ಕುತ್ತಿಗೆ ಬಿಗಿದು ಹಣೆ ಸಿಡಿಯತೊಡಗುತ್ತಿತ್ತು. ಮರುದಿನವೆಲ್ಲ ಹಣೆಗೆ ಬಟ್ಟೆ ಕಟ್ಟಿಕೊಂಡು ಗೋಡೆಗೆ ಮುಖ ಮಾಡಿ ಮಲಗುವುದೇ ಆಯಿತು. ಅತ್ತೆ ಗೌರಾಬಾಯಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ, "ಯಾರದೋ ಕಣ್ಣ ಬಿದ್ದದ" ಎಂದಳು.

ಐದಾರು ವಾರ ಹೀಗೇ ಕಳೆದ ಮೇಲೆ ಮಾಂತು ಹೊರಡುವಾಗ ಮೆಲ್ಲಗೆ ಕೇಳಿದ: "ಶೈಲಾ, ನಾ ಬಂದಾಗಷ್ಟ ನಿಂಗ ತಲಿ ನೋಯ್ತದ. ನನ್ನ ಜೋಡಿ ಇರ್ಲಿಕ್ಕೆ ಮನಸ್ಸಿಲ್ಲೇನು?"

"ಹಂಗಲ್ರೀ..." ಎನ್ನುವಷ್ಟರಲ್ಲಿ ಅವನು ಚೀಲ ಎತ್ತಿಕೊಂಡು ಹೊಸ್ತಿಲು ದಾಟಿದ್ದ.

ಮುಂದಿನ ಶನಿವಾರ ಅವನು ಬರಲಿಲ್ಲ. ಅದರಾಚೆಯ ಶನಿವಾರ, ಡ್ಯೂಟಿ ಇದೆಯೆಂದು ಪಕ್ಕದ ಮನೆಗೆ ಫೋನು ಮಾಡಿ ಹೇಳಿಸಿದ. ಆ ಎರಡೂ ಭಾನುವಾರ ಅವಳ ತಲೆ ಹಗುರವಾಗಿತ್ತು. ಆ ಹಗುರವೇ ಅವಳನ್ನು ಕೊರೆಯಿತು. ಅವನು ಹೇಳಿದ್ದು ನಿಜವಿರಬಹುದೇ? ಹಾಗಾದರೆ ಗೂಟದಲ್ಲಿ ತೂಗುಹಾಕಿದ ಅವನ ಅಂಗಿ ಕಂಡರೆ ಎದೆ ಯಾಕೆ ಹೀಗೆ ಹಿಂಡುತ್ತದೆ?

ಕೊನೆಗೆ ಪೇಠೆಯ ಡಾಕ್ಟರರ ಬಳಿ ಹೋದಳು. ಅವರು ಮರಾಠಿಯಲ್ಲಿ, ನೋವು ಯಾವಾಗ ಬರುತ್ತದೆ, ಏನು ತಿಂದ ಮೇಲೆ ಬರುತ್ತದೆ ಎಂದೆಲ್ಲ ಕೇಳಿದರು. ಚೈನೀಸ್ ಅಡುಗೆಗೆ ರುಚಿಗೆಂದು ಬೆರೆಸುವ ಬಿಳಿ ಪುಡಿ ಕೆಲವರಿಗೆ ಆಗಿಬರುವುದಿಲ್ಲ, ಅದನ್ನು ಬಿಟ್ಟು ನೋಡಮ್ಮ ಎಂದರು.

ಶನಿವಾರ ಅತ್ತೆಗೆ ಹೇಳಿ ಒಬ್ಬಳೇ ಸೊಲ್ಲಾಪುರದ ಗಾಡಿ ಹತ್ತಿದಳು. ದೌಂಡದಲ್ಲಿ ಇಳಿದು ಟಿಕೆಟ್ ಕಿಟಕಿಯ ಸಾಲಿನಲ್ಲಿ ನಿಂತಳು. ಅವಳ ಪಾಳಿ ಬಂದಾಗ ಮಾಂತು ತಲೆ ಎತ್ತದೆ ಕೇಳಿದ: "ಕುಠೇ?"

"ಎಲ್ಲಿಗೂ ಇಲ್ರೀ. ನಿಮ್ಮ ಕಡೆನ ಬಂದೀನಿ."

ಅವನ ಕೈ ಅಲ್ಲೇ ನಿಂತಿತು. ಹಿಂದಿನವರು ಗದರುತ್ತಿದ್ದರೂ ಶೈಲಶ್ರೀ ಕಿಟಕಿಗೆ ಬಾಗಿ ಒಂದೇ ಉಸಿರಿಗೆ ಹೇಳಿದಳು: "ನೋವು ನಿಮ್ಮಿಂದ ಅಲ್ರೀ. ಆ ಹೋಟೆಲ್ನವರು ಹಾಕೋ ಪುಡಿಯಿಂದ. ಡಾಕ್ಟರ್ ಹೇಳ್ಯಾರ."

"ಪುಡಿ?" ಎಂದ ಮಾಂತು. ಅವನ ಕಣ್ಣು ತುಂಬಿತು. "ನಾ ಎಂಥಾ ಹುಚ್ಚ!"

ಡ್ಯೂಟಿ ಮುಗಿಸಿ ಬಂದವನು ಪ್ಲಾಟ್‌ಫಾರ್ಮಿನ ಕೊನೆಯ ಬೆಂಚಿನಲ್ಲಿ ಅವಳ ಪಕ್ಕ ಕೂತ. ಅವಳು ತಂದಿದ್ದ ರೊಟ್ಟಿ, ಶೇಂಗಾ ಚಟ್ನಿ ಇಬ್ಬರೂ ತಿಂದರು. ಮಾತು ಆಗತಾನೆ ಕುದುರುತ್ತಿತ್ತು, ಪುಣೆಯ ಗಾಡಿ ಬಂದೇಬಿಟ್ಟಿತು.

"ನಾಳಿ ಡ್ಯೂಟಿ ಅದ, ಇಲ್ಲಾಂದ್ರ ನಿನ್ನ ಜೋಡಿನ ಬರ್ತಿದ್ದೆ. ಕ್ವಾರ್ಟರ್ಸಿಗೆ ಸೋಮವಾರ ಮತ್ತ ಅರ್ಜಿ ಕೊಡ್ತೀನಿ" ಎಂದ, ಗಾಡಿಯ ಜೊತೆ ನಾಲ್ಕು ಹೆಜ್ಜೆ ನಡೆಯುತ್ತ.

"ಸಣ್ಣದಿದ್ರೂ ಸಾಕ್ರೀ, ಒಂದ ಖೋಲಿ" ಎಂದಳು. ಅವನಿಗೆ ಕೇಳಿಸಿತೋ ಇಲ್ಲವೋ. ಕಬ್ಬಿನ ಹೊಲಗಳು ಅಡ್ಡ ಬಂದು ಸ್ಟೇಷನ್ನು ಮರೆಯಾಗುವ ತನಕ ಅವಳು ಬಾಗಿಲಲ್ಲೇ ನಿಂತಿದ್ದಳು.